ಸೀದ ಬೆಲ್ಲದ ವಾಸನೆ

ಮಂಡ್ಯ, 12 ಜೂನ್ 1944

ಚರ್ಮದ ಕೊಳವೆ ಬದುಕಿದೆ. ಆಸ್ಪತ್ರೆಯ ಕಾಗದದಲ್ಲಿ ಇದನ್ನು ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ ಬರೆದು ಬಂದೆ. ಇಲ್ಲಿ ಕನ್ನಡ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಹೆದರಿಕೆಯನ್ನು ಬರೆದರೆ ಅದು ಬೇರೆ ಯಾರದೋ ಹೆದರಿಕೆಯ ಹಾಗೆ ಕಾಣುತ್ತದೆ.

ಕೇಸು ಮಳವಳ್ಳಿ ಕಡೆಯದು. ಹೆಸರು ಪಟ್ಟಲಮ್ಮ, ಇನ್ನೂ ಚಿಕ್ಕ ವಯಸ್ಸು. ಎರಡು ವರ್ಷದ ಹಿಂದೆ ಆಲೆಮನೆಯಲ್ಲಿ ಕೊಪ್ಪರಿಗೆಯ ಕುದಿಯುವ ಪಾಕ ಅವಳ ಕತ್ತು, ಎದೆಯ ಮೇಲೆ ಬಿತ್ತು. ಗಾಯ ಮಾಯುತ್ತ ಚರ್ಮ ಮುದುಡಿಕೊಂಡು ಗದ್ದವನ್ನು ಎಳೆದು ಎದೆಗೆ ಅಂಟಿಸಿಬಿಟ್ಟಿದೆ. ಕೆಳತುಟಿ ಹೊರಕ್ಕೆ ಮಗುಚಿದೆ. ಬಾಯಿ ಮುಚ್ಚುವುದಿಲ್ಲ, ಜೊಲ್ಲು ನಿಲ್ಲುವುದಿಲ್ಲ. ಉಂಡದ್ದು ಉಸಿರಿನ ದಾರಿಗೆ ಹೋಗಿ ಈಗಾಗಲೇ ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಸಾಯುವ ಹಾಗಾಗಿದ್ದಳು. ಮೂರನೆಯ ಸಲ ಉಳಿಯುವುದು ಕಷ್ಟ. ಅವಳಿಗೆ ಕಾಣುವುದು ನೆಲ ಮಾತ್ರ.

ಭುಜದ ಬಳಿ ಸುಡದೆ ಉಳಿದ ಚರ್ಮವನ್ನು ಪಟ್ಟಿಯಾಗಿ ಎಬ್ಬಿಸಿ, ಅಂಚು ಸೇರಿಸಿ, ಕೊಳವೆಯ ಹಾಗೆ ಹೊಲಿದಿದ್ದೇನೆ. ಟ್ರಂಕಿನ ಹಿಡಿಯಂತೆ ಎರಡು ತುದಿಯೂ ಮೈಗೇ ಅಂಟಿಕೊಂಡಿವೆ. ಮುಂದಿನ ಸಲ ಕತ್ತಿನ ಗಂಟುಚರ್ಮವನ್ನು ಕತ್ತರಿಸಿ ಗದ್ದ ಬಿಡಿಸಬೇಕು. ಕೊಳವೆಯ ಒಂದು ತುದಿಯನ್ನು ಕಿತ್ತು ಅಲ್ಲಿ ಹೊಲಿಯಬೇಕು. ಅದಕ್ಕೆ ಕತ್ತಿನ ರಕ್ತ ಹರಿಯುವವರೆಗೂ ಭುಜದ ತುದಿಯೇ ಅನ್ನ ಕೊಡುತ್ತಿರಬೇಕು. ಆಮೇಲೆ ಅದನ್ನೂ ಕತ್ತರಿಸುವುದು.

"ಭುಜದ್ ಮ್ಯಾಲೆ ಪಡವಲಕಾಯಿ ಬುಟ್ಟದೆ ಕಣಿ ಡಾಕ್ಟ್ರಮ್ಮ," ಎಂದಳು ಪಟ್ಟಲಮ್ಮ, ಟವಲಿನಲ್ಲಿ ಬಾಯಿ ಒತ್ತಿಕೊಂಡು. "ಇನ್ನೊಸಿ ದಿನ ಬುಟ್ರೆ ಸಾರ್ಗಾಯ್ತದೆ."

ಸಂಜೆ ವರಾಂಡದಲ್ಲಿ ಸೀದ ಬೆಲ್ಲದ ವಾಸನೆ. ಯಾರ ಆಲೆಮನೆಯಲ್ಲೋ ಪಾಕ ತಳ ಹಿಡಿದಿರಬೇಕು. ಕಿಟಕಿ ಮುಚ್ಚಿದೆ.

25 ಜೂನ್

ಸಹಾಯಕ ವೈದ್ಯರಾಗಿ ನಯಾಜ್ ಪಾಷಾ ಎಂಬವರು ಬಂದಿದ್ದಾರೆ. ಮದ್ದೂರಿನವರು, ತಂದೆಗೆ ಸೈಕಲ್ ಅಂಗಡಿ. ಮಾತು ಕಡಿಮೆ. ಕೊಳವೆಯನ್ನು ಬೆರಳಿನಿಂದ ಒತ್ತಿ, ಬಿಳಿಚಿದ ಜಾಗ ಮತ್ತೆ ಕೆಂಪಾಗುವುದನ್ನು ಅವರಿಗೆ ತೋರಿಸಿದೆ. "ನಾನೂ ಒಂದ್ಸಲ ಒತ್ತಲಾ ಮೇಡಂ?" ಎಂದರು. ಬೇಡ ಎಂದೆ. ಯಾಕೆ ಬೇಡ? ಒತ್ತಿದರೆ ಏನೂ ಆಗುತ್ತಿರಲಿಲ್ಲ. ಸುಟ್ಟ ಸೈನಿಕರ ಮುಖಗಳನ್ನು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಸರಿಮಾಡುವುದನ್ನು ರಜೆ ಹಾಕಿ ಹೋಗಿ, ಮೂಲೆಯಲ್ಲಿ ನಿಂತು ಕಲಿತವಳು ನಾನು. ಈ ಕೇಸಿನ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. ಇನ್ನೊಬ್ಬರ ಬೆರಳು ತಾಗಿದರೆ ಅದು ಸವೆದುಹೋಗುತ್ತದೆಯೇ?

ಮಧ್ಯಾಹ್ನ ಕೊಳವೆಯ ಚರ್ಮದ ಚೂರೊಂದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹೊಸ ರಕ್ತನಾಳಗಳು ಬೇರಿನ ಹಾಗೆ ನುಗ್ಗುತ್ತಿವೆ. ಮದರಾಸಿನಲ್ಲಿ ಮಿದುಳಿನ ಗಡ್ಡೆಗಳ ಮೇಲೆ ಕೆಲಸ ಮಾಡಿದ ವರ್ಷಗಳಲ್ಲಿ ನಾನು ನೋಡುತ್ತಿದ್ದದ್ದೂ ಇದನ್ನೇ. ಗಡ್ಡೆ ತನಗೆ ಬೇಕಾದ ರಕ್ತವನ್ನು ತಾನೇ ಕರೆದುಕೊಳ್ಳುತ್ತದೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹಾಗೆ ಕರೆಯುವುದನ್ನು ಸುಟ್ಟವರ ಚರ್ಮಕ್ಕೆ ಕಲಿಸುವಂತಿದ್ದರೆ! ಹಳೆಯ ಸ್ಲೈಡುಗಳನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತಿದ್ದಾಗ ಮತ್ತೆ ಅದೇ ಸೀದ ವಾಸನೆ. ಕಿಟಕಿ ಮುಚ್ಚಿಯೇ ಇತ್ತು. ಈ ಊರಿನ ಗೋಡೆಗಳಿಗೂ ಬೆಲ್ಲ ಹಿಡಿದಿರಬೇಕು.

ಬ್ಲಫ್, 8 ಜುಲೈ

ಜಲಪಾತದ ಬಳಿಯ ಈ ವಿದ್ಯುತ್ ಕೇಂದ್ರದ ಮನೆಗಳ ಹೆಂಗಸರು, ಮಕ್ಕಳನ್ನು ನೋಡಲು ನಾನೂ ನರ್ಸ್ ರಹೀಮುನ್ನೀಸಾಳೂ ಬಂದೆವು. ಇಲ್ಲಿ ಬಂಡೆ ಬಿಟ್ಟರೆ ನೀರು. ಎಂಜಿನಿಯರರ ಹೆಂಡತಿ ಕಾಫಿ ಕೊಟ್ಟರು. ಲೋಟ ಎತ್ತುವಷ್ಟರಲ್ಲಿ ವಾಸನೆ ಬಂತು, ಮೂಗಿನ ಬುಡದಲ್ಲೇ ಪಾಕ ಉಕ್ಕಿದ ಹಾಗೆ.

"ಒಳಗೆ ಏನೋ ಸೀಯುತ್ತಿದೆ, ನೋಡಿ," ಎಂದೆ.

ಅವರು ಹೋಗಿ ನೋಡಿ ಬಂದರು. "ಒಲೆ ಆರಿಸಿ ಆಗಲೇ ಹೊತ್ತಾಯಿತಲ್ಲ."

"ನಿನಗೆ ಬರುತ್ತಿಲ್ಲವೇ?" ಎಂದು ರಹೀಮುನ್ನೀಸಾಳನ್ನು ಕೇಳಿದೆ.

"ನಂಗೆ ಬರೋದು ನಿಮ್ಮ ಫಿನಾಯಿಲ್ ವಾಸ್ನೆ ಒಂದೇ ಕಣಮ್ಮ. ಅನ್ನ ಉಂಡ್ರೂ ಅದೇಯ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಫಿ ಕುಡಿದು ಮುಗಿಸಿದೆ.

ಈ ವಾಸನೆಯ ವಿಚಾರ ನನಗೆ ಗೊತ್ತು. ಮದರಾಸಿನಲ್ಲಿ ಒಬ್ಬ ಗುಮಾಸ್ತರಿಗೆ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಒಬ್ಬ ಮುದುಕಿಗೆ ಕೊಳೆತ ನಿಂಬೆಹಣ್ಣಿನದು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವರು ಸತ್ತ ಮೇಲೆ ಇಬ್ಬರ ಮಿದುಳನ್ನೂ ನಾನೇ ತೆಳ್ಳಗೆ ಕುಯ್ದು ಗಾಜಿಗೆ ಅಂಟಿಸಿದೆ. ಕಿವಿಯ ಮೇಲ್ಭಾಗದ ಒಳಗೆ, ಇಬ್ಬರಿಗೂ ಗಡ್ಡೆ.

ಬೇರೆ ಊರಿನಲ್ಲಿದ್ದಿದ್ದರೆ ಮೊದಲ ದಿನವೇ ಅನುಮಾನ ಬರುತ್ತಿತ್ತು. ಮಂಡ್ಯದಲ್ಲಿ ಕೂತು ಬೆಲ್ಲದ ವಾಸನೆಯನ್ನು ಯಾರು ಅನುಮಾನಿಸುತ್ತಾರೆ?

9 ಜುಲೈ

ಇರಲಾರದು. ಮೂಗಿನ ಸೋಂಕಿರಬಹುದು. ಹಲ್ಲಿರಬಹುದು. ನನ್ನ ವಯಸ್ಸಿನ ಹೆಂಗಸರಿಗೆ ಏನೇನೋ ಆಗುತ್ತದೆ.

ಬರೆದದ್ದನ್ನು ಓದಿದೆ. ನನ್ನ ರೋಗಿಗಳು ಹೇಳುವುದೂ ಹೀಗೆಯೇ.

16 ಜುಲೈ

ರಹೀಮುನ್ನೀಸಾ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಬಂದಳು. ಅವಳು ಹಾಗೆ ಬರುವವಳಲ್ಲ.

"ಅಮ್ಮ, ಒಂದು ಮಾತು. ಬಯ್ಯಬೇಡಿ. ಬೆಳಿಗ್ಗೆ ಚೀಟಿ ಬರೀತಾ ಬರೀತಾ ನಿಂತೋದ್ರಿ. ಚಿಕ್ಕ ಡಾಕ್ಟ್ರು ಕೂಗಿದ್ರೂ ತಿರುಗ್ಲಿಲ್ಲ. ಬಾಯಿ ಚಪ್ಪರಿಸ್ತಾ ನಿಂತಿದ್ರಿ, ಬೆಲ್ಲ ತಿಂದವ್ರಂಗೆ."

"ಯಾವಾಗ?"

"ಅದೇ ಕಣಮ್ಮ, ನಿಮ್ಗೇ ಗೊತ್ತಿಲ್ಲ."

ನನಗೆ ನೆನಪಿರುವುದು ವಾಸನೆ ಒಂದೇ. ಅದಾದ ಮೇಲೆ ಚೀಟಿ ಪೂರ್ತಿ ಬರೆದು ಕೊಟ್ಟೆ ಎಂದುಕೊಂಡಿದ್ದೆ. ಚೀಟಿಯನ್ನು ತರಿಸಿ ನೋಡಿದೆ. ಅರ್ಧ ಸಾಲು, ಆಮೇಲೆ ಪೆನ್ನು ಎಳೆದುಕೊಂಡು ಹೋದ ಗೆರೆ.

"ಸಕ್ಕರೆ ಕಾರ್ಖಾನೆಯ ವಾಸನೆಗೆ ತಲೆ ತಿರುಗಿರಬೇಕು," ಎಂದೆ.

"ಕಾರ್ಖಾನೆ ರಿಪೇರಿಗೆ ನಿಂತು ಎಷ್ಟು ದಿನ ಆಯ್ತು! ಸಿಳ್ಳೆ ಕೇಳ್ಸಿದ್ಯಾ ನಿಮ್ಗೆ?"

ಕೇಳಿಸಿರಲಿಲ್ಲ. ಕೇಳಿಸಿಲ್ಲ ಎಂಬುದೂ ಗಮನಕ್ಕೆ ಬಂದಿರಲಿಲ್ಲ.

ಸತ್ತುಹೋಗುವುದಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಇದಕ್ಕೆ. ನಾನಿಲ್ಲದೆ ನನ್ನ ಮೈ ಅಲ್ಲಿ ನಿಂತಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದರು.

20 ಜುಲೈ

ಫಿಟ್ಸಿಗೆ ಕೊಡುವ ಲ್ಯೂಮಿನಾಲ್ ಶುರುಮಾಡಿದೆ. ಮಾತ್ರೆ ತೆಗೆದುಕೊಂಡರೆ ವಾಸನೆ ಕಡಿಮೆ, ಆದರೆ ಬೆರಳುಗಳು ಬೇರೆಯವರವು ಅನಿಸುತ್ತವೆ. ಬಿಟ್ಟರೆ ಬೆರಳು ನನ್ನವು, ತಲೆ ಬೇರೆಯವರದು. ಯಾವುದರಿಂದ ಕತ್ತು ಕುಯ್ಯಲಿ? ಆ ಗಂಟುಚರ್ಮದ ಕೆಳಗೆ ದೊಡ್ಡ ರಕ್ತನಾಳ ಎಲ್ಲಿಗೆ ಸರಿದುಕೊಂಡಿದೆಯೋ ಯಾರಿಗೂ ಗೊತ್ತಿಲ್ಲ. ಚಾಕು ಅಲ್ಲಿರುವಾಗ ನಾನು ಬಾಯಿ ಚಪ್ಪರಿಸುತ್ತ ನಿಂತರೆ?

ತಲೆ ತೆರೆದು ಗಡ್ಡೆ ತೆಗೆಯುವವರನ್ನು ಹುಡುಕಿಕೊಂಡು ಯುದ್ಧದ ನಡುವೆ ಎಲ್ಲಿಗೆ ಹೋಗಲಿ? ಹೋದವರು ತಿರುಗಿ ಬಂದದ್ದನ್ನೂ ನಾನು ಹೆಚ್ಚು ಕಂಡಿಲ್ಲ. ಪಟ್ಟಲಮ್ಮನನ್ನು ಬೆಂಗಳೂರಿಗೆ ಕಳಿಸೋಣವೆಂದರೆ ಮಿಲಿಟರಿಯವರು ಊರ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ. ಮುಂದೂಡಿದರೆ ನಾನು ಇನ್ನಷ್ಟು ಕೆಡುತ್ತೇನೆ. ಇವತ್ತೂ ಅವಳಿಗೆ ಗಂಜಿ ನೆತ್ತಿಗೆ ಹತ್ತಿ ಮುಖ ನೀಲಿಗಟ್ಟಿತು.

ನಯಾಜ್‌ಗೆ ಹೇಳಬೇಕು. ಹೇಳಿದರೆ ನಾನು ಡಾಕ್ಟರಲ್ಲ, ಕೇಸು.

23 ಜುಲೈ

ಹೇಳಲಿಲ್ಲ.

ಪಟ್ಟಲಮ್ಮನ ಗಂಡ ಚಿಕ್ಕಮಾದು ಮಳವಳ್ಳಿಯಿಂದ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬಂದಿದ್ದ. ಮೈಯೆಲ್ಲ ಮಸಿ. ದಾರಿಯಲ್ಲಿ ಎರಡು ಕಡೆ ಇಳಿದು ತಳ್ಳಿದನಂತೆ.

"ಬಸ್ಗೆ ದುಡ್ಡೂ ಕೊಟ್ಟು ತಳ್ಳೂ ತಳ್ಳಿದ್ಯಾ? ಜಾಣ ಕಣ್ಲಾ ನೀನು," ಎಂದಳು ಪಟ್ಟಲಮ್ಮ ನೆಲ ನೋಡಿಕೊಂಡೇ.

"ನೀ ಸುಮ್ಕಿರಮ್ಮಿ. ಡಾಕ್ಟ್ರವ್ವ, ಇವ್ಳ ಕತ್ತು ಯಾವಾಗ ಮೇಲೆತ್ತೀರಿ? ನನ್ ಮಖ ಮರ್ತೋಗವ್ಳೆ ಇವ್ಳು. ಹೆಜ್ಜೆ ಸದ್ದಲ್ಲೇ ಗುರ್ತು ಹಿಡೀತಾಳೆ."

"ಕಾಲ್ಬೆರಳು ಗೊತ್ತು ಬುಡು. ಮಖಕ್ಕಿಂತ ಅದೇ ವಾಸಿ."

ಮುಂದಿನ ತಿಂಗಳು ಎಂದೆ. ನಾನೇ ಮಾಡುತ್ತೇನೆ ಎಂದೂ ಹೇಳಿಬಿಟ್ಟೆ. ಯಾಕೆ ಹೇಳಿದೆ? ಅವಳ ಸಲುವಾಗಿ ಅಲ್ಲ. ನಾನು ಇನ್ನೂ ಇದ್ದೇನೆ ಎಂದು ನನ್ನ ಕಿವಿಗೆ ಕೇಳಿಸಲಿ ಎಂದು.

29 ಜುಲೈ

ಹೇಳಿದೆ. ನಯಾಜ್ ಸ್ಲೈಡು ನೋಡುತ್ತಿದ್ದರು. "ಇದು ಗುಮಾಸ್ತರದು. ನನ್ನ ತಲೆಯಲ್ಲೂ ಇದೇ ಇದೆ ಎಂದುಕೊಂಡಿದ್ದೇನೆ," ಎಂದೆ. ಅವರು ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಮುಖ ನೋಡಬೇಕಾಗುತ್ತದೆಂದು ಇರಬೇಕು.

"ಪಟ್ಟಲಮ್ಮನ ಕತ್ತು ನೀವು ಮಾಡಬೇಕು."

"ಮೇಡಂ, ನಾನು ಕುಯ್ದಿರೋದು ಕುರು, ಕೀವುಗಟ್ಟಿದ ಕಾಲು. ಅಷ್ಟೇ."

"ನನಗೂ ಯಾರೋ ಒಬ್ಬರು ಮೊದಲ ಸಲ ಚಾಕು ಕೊಟ್ಟರು."

"ಕೊಟ್ಟೋರು ಪಕ್ಕದಲ್ಲೇ ನಿಂತಿದ್ರಲ್ಲ."

"ನಾನೂ ನಿಂತಿರುತ್ತೇನೆ."

"ನಿಂತಿರ್ತೀರಾ?" ಎಂದವನು ಆ ಪ್ರಶ್ನೆಯ ಅರ್ಥ ಹೊಳೆದು ಹಣೆ ಹಿಡಿದುಕೊಂಡ. ಪಾಪ, ಚಿಕ್ಕವನು.

ನಾಳೆಯಿಂದ ಅಭ್ಯಾಸ ಎಂದೆ.

6 ಆಗಸ್ಟ್

ದಿನವೂ ಅಭ್ಯಾಸ. ಆಡಿನ ಚರ್ಮವನ್ನು ದಿಂಬಿಗೆ ಬಿಗಿದು ಕತ್ತು ಮಾಡಿಕೊಂಡಿದ್ದೇವೆ. ನಯಾಜ್ ಕುಯ್ಯುತ್ತಾನೆ, ನಾನು ಹಿಂದೆ ನಿಂತು ಹೇಳುತ್ತೇನೆ: ಒಂದೇ ಕಡೆ ಆಳಕ್ಕೆ ಹೋಗಬೇಡ, ಬೆರಳು ಮೊದಲು, ಚಾಕು ಆಮೇಲೆ.

"ಆಡಿನ ತಲೆ ಮಾಂಸ ಎಲ್ಲೋಯ್ತು ಅಂತ ಕೇಳ್ಬೇಡಿ," ಎಂದಳು ರಹೀಮುನ್ನೀಸಾ. "ಅದನ್ನ ನಾನು ಬೇರೆ ತರ ಆಪರೇಷನ್ ಮಾಡ್ದೆ." ಡಬ್ಬಿಯಲ್ಲಿ ತಂದಿದ್ದಳು. ನಯಾಜ್, ಅವಳು ಉಂಡರು. ನಾನು ತಿನ್ನುವವಳಲ್ಲ, ಆದರೂ ಮೊಸರನ್ನ ತಂದುಕೊಂಡು ಅಲ್ಲೇ ಕೂತೆ.

ಇವತ್ತು ಕತ್ತರಿಯ ಹೆಸರು ಬಾಯಿಗೆ ಬರಲಿಲ್ಲ. "ಅದು, ಅದು" ಎಂದೆ. ಅವನು ತೆಗೆದುಕೊಟ್ಟ.

ಗುರುತು ಗೊತ್ತುಮಾಡಿಕೊಂಡಿದ್ದೇವೆ. ವಾಸನೆ ಮೂಗಿಗೆ ಬಂದ ಕೂಡಲೇ ನಾನು "ಬಂತು" ಎನ್ನಬೇಕು. ರಹೀಮುನ್ನೀಸಾ ನನ್ನನ್ನು ಹಿಂದಕ್ಕೆ ಎಳೆದು ಸ್ಟೂಲಿನ ಮೇಲೆ ಕೂರಿಸಬೇಕು. ಏನೇ ಆಗಲಿ, ನಯಾಜ್ ತಿರುಗಿ ನೋಡಕೂಡದು.

17 ಆಗಸ್ಟ್

ನಾಳೆ. ಅವಳು ಸತ್ತರೆ ಕೊಂದವರು ಯಾರು, ಕುಯ್ದವನೋ, ಚಾಕು ಕೊಟ್ಟವಳೋ? ಅವನು ಇನ್ನು ಮೇಲೆ ಜೀವಮಾನದಲ್ಲಿ ಚಾಕು ಹಿಡಿಯುವುದಿಲ್ಲ. ಅದನ್ನು ಯೋಚಿಸಿದರೆ ನನ್ನ ತಲೆಯ ವಿಷಯ ನೆನಪಿಗೇ ಬರುವುದಿಲ್ಲ.

ಪಟ್ಟಲಮ್ಮನ ಹತ್ತಿರ ಹೋದೆ. "ಕುಯ್ಯುವವರು ಚಿಕ್ಕ ಡಾಕ್ಟರು. ನಾನು ಪಕ್ಕದಲ್ಲಿರುತ್ತೇನೆ," ಎಂದೆ.

ಅವಳು ನನ್ನ ಚಪ್ಪಲಿ ನೋಡಿದಳು. "ನಿಮ್ ಕಾಲು ನಡುಗ್ತಾ ಅವೆ ಕಣಿ," ಎಂದಳು. "ಕುಯ್ಯೋರ ಕಾಲು ನೋಡ್ದೆ, ಅವೂ ನಡುಗ್ತವೆ. ನಂದೇ ವಾಸಿ."

"ಬೇಡವೆನಿಸಿದರೆ ಹೇಳು."

"ಬ್ಯಾಡ ಅಂದ್ರೆ ಗಂಜಿ ಕುಡ್ದು ಸಾಯ್ತೀನಿ. ಕುಯ್ರಿ."

18 ಆಗಸ್ಟ್

ಬದುಕಿದ್ದಾಳೆ.

19 ಆಗಸ್ಟ್

ನಿನ್ನೆಯದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ರಹೀಮುನ್ನೀಸಾ ಹೇಳಿದ್ದು. ಎಲ್ಲಿ ಸೇರುತ್ತದೆಂದು ನನಗೇ ತಿಳಿಯದು.

ಗದ್ದ ಎದೆಗೆ ಅಂಟಿರುವವರಿಗೆ ಮೊದಲೇ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಕತ್ತು ಬಿಡಿಸುವವರೆಗೆ ಜಾಗ ಮರಗಟ್ಟಿಸುವ ಸೂಜಿ ಮಾತ್ರ, ಅವಳಿಗೆ ಎಚ್ಚರ. ನಾನು ಅವಳ ತಲೆಯ ಕಡೆ ನಿಂತು ಹಣೆ ಹಿಡಿದಿದ್ದೆ. ನಯಾಜ್ ಕುಯ್ಯುತ್ತಿದ್ದ, ಗಂಟುಚರ್ಮ ಒದ್ದೆ ಹಗ್ಗ ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ನನ್ನ ಕೈಯ ಕೆಳಗೆ ಅವಳ ತಲೆ ಹಿಂದಕ್ಕೆ ಬಂತು, ಇನ್ನಷ್ಟು ಬಂತು. ಅಷ್ಟರಲ್ಲಿ ಗಾಯದಿಂದ ಕಪ್ಪು ರಕ್ತ ಉಕ್ಕಿತು. "ಮೇಡಂ!" ಎಂದ. ಬಾಯಿ ತೆರೆದೆ. ಬೆಲ್ಲ.

"ಬಂತು," ಎಂದೆನಂತೆ. ಎಂದದ್ದು ನನಗೆ ನೆನಪಿಲ್ಲ.

ಮತ್ತೆ ನಾನಾಗುವ ಹೊತ್ತಿಗೆ ಸ್ಟೂಲಿನ ಮೇಲಿದ್ದೆ. ಗೋಡೆಗೆ ನನ್ನನ್ನು ಒರಗಿಸಿ, ಮಂಡಿಯಿಂದ ಒತ್ತಿ ಹಿಡಿದು, ಎರಡು ಕೈಯನ್ನೂ ಪಟ್ಟಲಮ್ಮನ ತಲೆಗೆ ಕೊಟ್ಟು ನಿಂತಿದ್ದಳು ರಹೀಮುನ್ನೀಸಾ. ನಡುವೆ ಏನಾಯಿತೆಂದು ಇವತ್ತು ಹೇಳಿದಳು.

ಪಟ್ಟಲಮ್ಮ ಕೇಳಿದಳಂತೆ: "ಡಾಕ್ಟ್ರಮ್ಮ ಯಾಕೆ ಸುಮ್ಕಾದ್ರು?"

ನಯಾಜ್ ಬೆರಳಿನಿಂದ ರಕ್ತನಾಳ ಒತ್ತಿ ಹಿಡಿದಿದ್ದ. ತಿರುಗಲಿಲ್ಲವಂತೆ. "ನೋಡ್ತಿದ್ದಾರೆ. ನೀನು ಅಲ್ಲಾಡಬೇಡ," ಎಂದನಂತೆ. ಅವನ ಹಣೆಯ ಬೆವರು ಹನಿ ಹನಿಯಾಗಿ ಕನ್ನಡಕದ ಒಳಗೆ ಇಳಿಯುತ್ತಿತ್ತಂತೆ. ಒರೆಸಲು ಯಾರಿಗೂ ಕೈ ಇರಲಿಲ್ಲ. ನಾಳವನ್ನು ಕಟ್ಟಿದ.

ಆಮೇಲೆ ಈಥರ್ ಕೊಟ್ಟದ್ದು ನಾನು. ಕೊಳವೆಯ ತುದಿ ಬಿಡಿಸಿ ಕತ್ತಿಗೆ ಹೊಲಿದದ್ದು ಅವನು.

20 ಆಗಸ್ಟ್

ಕೊಳವೆಯ ತುದಿ ನೀಲಿಗಟ್ಟಿದೆ. ಸತ್ತರೆ ಎಲ್ಲ ವ್ಯರ್ಥ. ಕತ್ತು ತೆರೆದ ಗಾಯ, ಮುಚ್ಚಲು ಬೇರೆ ಚರ್ಮವಿಲ್ಲ.

"ಹೊಲಿಗೆ ಬಿಗಿಯಾಯ್ತಾ ಮೇಡಂ? ನನ್ನಿಂದಾನಾ?" ನಯಾಜ್ ಬೆಳಿಗ್ಗೆಯಿಂದ ಮಂಚ ಬಿಟ್ಟು ಕದಲಿಲ್ಲ.

"ನೀನೇ ಒತ್ತಿ ನೋಡು," ಎಂದೆ.

ಒತ್ತಿದ. ಎರಡು ಹೊಲಿಗೆ ಬಿಚ್ಚಿದ. ಮೂವರೂ ಕಾದೆವು. ಸಂಜೆಯ ಹೊತ್ತಿಗೆ ನೇರಳೆ. ಇನ್ನೂ ಕೆಂಪಲ್ಲ.

21 ಆಗಸ್ಟ್

ಕೆಂಪು.

ಮರಳಿನ ಚೀಲಗಳ ನಡುವೆ ತಲೆ ಹಿಂದೆ ಮಾಡಿ ಮಲಗಿದ್ದ ಪಟ್ಟಲಮ್ಮ ಬಹಳ ಹೊತ್ತು ಮೇಲೆಯೇ ನೋಡುತ್ತಿದ್ದಳು. ಅಳುತ್ತಾಳೇನೋ ಎಂದುಕೊಂಡೆ.

"ನರ್ಸಮ್ಮ, ಸೂರ್ನಲ್ಲಿ ಜೇಡ್ರ ಬಲೆ ಅದೆ. ನೆಲ ಮಾತ್ರ ಚೆಂದಾಗಿ ಗುಡ್ಸ್ತೀರಿ."

"ನೋಡಮ್ಮ ಇವಳ ಕೊಬ್ಬು!" ಎಂದಳು ರಹೀಮುನ್ನೀಸಾ. ಹೊರಗೆ ಹೋಗಿ ಅತ್ತು ಬಂದು, ಉದ್ದ ಪೊರಕೆ ತಂದಳು.

14 ಸೆಪ್ಟೆಂಬರ್

ಬಹಳ ದಿನ ಬರೆಯಲಿಲ್ಲ. ವಾಸನೆ ಹೆಚ್ಚಾಗಿದೆ. ಬಲಗೈ ಪೆನ್ನನ್ನು ಸರಿಯಾಗಿ ಹಿಡಿಯುತ್ತಿಲ್ಲ. ಮೊನ್ನೆ ಬಚ್ಚಲಲ್ಲಿ ಬಿದ್ದೆ.

ಭುಜದ ತುದಿಯನ್ನು ದಿನವೂ ಸ್ವಲ್ಪ ಹೊತ್ತು ಬಿಗಿಹಿಡಿದು, ಕತ್ತಿನ ರಕ್ತವೊಂದರಿಂದಲೇ ಕೊಳವೆ ಬದುಕುತ್ತದೆಯೇ ಎಂದು ನೋಡುತ್ತಿದ್ದೇವೆ. ಅದನ್ನು ಹಿಡಿಯುವ ಆ ರಬ್ಬರು ಹಾಕಿದ, ಹೆಸರು ಮರೆತೆ, ಹಿಡಿಯುವುದು ನಯಾಜ್ ಬಳಿಯೇ ಇರುತ್ತದೆ. ಪಟ್ಟಲಮ್ಮನ ಕತ್ತಿನಲ್ಲಿ ಬರಲಿ ಬರಲಿ ಎಂದು ನಾನು ಬೇಡಿಕೊಳ್ಳುತ್ತಿರುವ ರಕ್ತವೇ ನನ್ನ ತಲೆಯಲ್ಲಿ ಕೇಳದೆ ಬರುತ್ತಿದೆ. ಎರಡೂ ಒಂದೇ ಕೆಲಸ. ಅದಕ್ಕೆ ಯಾರನ್ನು ಬಯ್ಯಲಿ?

ಪಟ್ಟಲಮ್ಮ ಕೇಳಿಯೇ ಬಿಟ್ಟಳು. "ಅವತ್ತು ನಿಮ್ಗೇನಾಗಿತ್ತು? ಬಂತು ಅಂದ್ರಿ. ಏನು ಬಂದಿದ್ದು?"

ಹೇಳಿದೆ. ಗಡ್ಡೆ, ವಾಸನೆ, ಎಲ್ಲ. ರೋಗಿಯ ಮುಂದೆ ಹೀಗೆ ಕೂತು ಯಾವತ್ತೂ ಮಾತನಾಡಿದವಳಲ್ಲ.

"ಸೀದ್ ಬೆಲ್ದ ವಾಸ್ನೆನಾ?" ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು. ಈಗ ನೋಡಬಲ್ಲಳು. "ನಂಗೂ ಅದ್ಕೇ ಎದ್ರಿಕೆ ಕಣಿ. ಪಾಕ ಬಿದ್ದಾಗ್ಲಿಂದ. ಊರ್ಗೋದ್ರೆ ಮನೆ ಮುಂದ್ಲೇ ಆಲೆಮನೆ. ಅದ್ಕೇ ಇಲ್ಲಿಂದ ಓಗಕ್ಕೆ ಮನ್ಸಿಲ್ಲ."

ಸ್ಟೂಲನ್ನು ಅವಳ ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ಯಾರ್ಗೂ ಏಳಕಿಲ್ಲ ಬುಡಿ," ಎಂದಳು ಕೊನೆಗೆ. "ಬಾಯಿ ಮುಚ್ಚಕ್ಕೆ ಬರಂಗೆ ಮಾಡಿದ್ದೀರಿ. ಮುಚ್ಕಂಡಿರ್ತೀನಿ."

2 ಅಕ್ಟೋಬರ್

ನಯಾಜ್ ಭುಜದ ತುದಿ ಕತ್ತರಿಸಿದ. ಕೊಳವೆ ಬಿಳಿಚಿತು, ಮತ್ತೆ ಬಣ್ಣ ಬಂತು. ಬಿಡಿಸಿ ಕತ್ತಿಗೆ ಹಾಸಿ ಹೊಲಿದ. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ.

ಪ್ರಬಂಧವನ್ನು ಅವನೇ ಬರೆಯಲಿ ಎಂದೆ.

19 ಅಕ್ಟೋಬರ್

ನಯಾಜ್‌ಗೆ ಬೆಳ್ಳಿಯ ದ್ರಾವಣದಿಂದ ಬಣ್ಣ ಹಾಕುವುದನ್ನು ಕಲಿಸುತ್ತಿದ್ದೇನೆ. ಮಿದುಳಿನ ಚೂರಿಗೆ ಅದೇ ಸರಿ. ಅವಸರ ಮಾಡಿದರೆ ಎಲ್ಲ ಕಪ್ಪಾಗಿಬಿಡುತ್ತದೆ. ಯಾಕೆ ಕಲಿಸುತ್ತಿದ್ದೇನೆಂದು ಅವನಿಗೆ ತಿಳಿದಿದೆ. ಮೊದಲ ದಿನ ಒಲ್ಲೆನೆಂದು ಎದ್ದು ಹೋಗಿದ್ದ. ಮಾರನೆಯ ದಿನ ಬಂದು, ತೋಳು ಮಡಚಿ, "ತೋರಿಸಿ" ಎಂದ.

"ಕಿವಿಯ ಮೇಲೆ, ಎಡಗಡೆ," ಎಂದೆ. "ರಕ್ತನಾಳಗಳನ್ನು ನೋಡು. ಪಟ್ಟಲಮ್ಮನದರ ಪಕ್ಕದಲ್ಲಿಟ್ಟು ನೋಡು."

ಅವನು ಬರೆದುಕೊಂಡ. ಆ ಗಾಜಿನ ಚೂರುಗಳ ಪೆಟ್ಟಿಗೆ ಅವನಿಗೇ ಕೊಟ್ಟೆ.

ಹೆದರಿಕೆ ಹೋಗಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೊದಲು ನನ್ನ ಹೆಸರು ಹೇಳಿಕೊಳ್ಳುತ್ತೇನೆ, ಯಶೋದಮ್ಮ, ಯಶೋದಮ್ಮ ಎಂದು. ಬಂದರೆ ಏಳುತ್ತೇನೆ.

6 ನವೆಂಬರ್

ಪಟ್ಟಲಮ್ಮ ಊರಿಗೆ. ಬಸ್ಸಿನ ತನಕ ನಡೆದೆ, ಒಂದು ಕಡೆ ರಹೀಮುನ್ನೀಸಾ. ಚಿಕ್ಕಮಾದು ಹೆಂಡತಿಯ ಮುಂದೆ ಮುಖ ತೊಳೆದುಕೊಂಡು ನಿಂತಿದ್ದ.

"ಮುದ್ಕ ಆಗೋಗಿದ್ದೀಯಲ್ಲಾ," ಎಂದಳು ಅವಳು ಅವನನ್ನು ನೋಡಿ.

ಬಸ್ಸು ಹತ್ತುವಾಗ ನಿಂತುಬಿಟ್ಟಳು. ಕಂಬಿಯನ್ನು ಬಿಗಿಯಾಗಿ ಹಿಡಿದಳು. ಇನ್ನೊಂದು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು.

"ಬಂತು ಕಣಿ," ಎಂದಳು.

ನನಗೂ ಬಂದಿತ್ತು. ಆಲೆಮನೆಗಳು ಶುರುವಾಗಿರಬೇಕು. ಇಲ್ಲದೆಯೂ ಇರಬಹುದು. ನಿನಗೂ ಬರುತ್ತಿದೆಯೇ ಎಂದು ರಹೀಮುನ್ನೀಸಾಳನ್ನು ಕೇಳಲಿಲ್ಲ.

"ನನಗೂ ಬಂತು. ಹತ್ತು," ಎಂದೆ.

ಹತ್ತಿದಳು.